ಪ್ರಿಂಟಿನಲ್ಲಿ ಬಾರದ ಗುಳ್ಳೆಗಳು

ಸರಸ್ವತಿ ನಗರ, ದಾವಣಗೆರೆ
14 ನವೆಂಬರ್ 2024, ಗುರುವಾರ

ಹಾಲಿಯೂ ಅಲ್ಲದ, ಮಾಜಿಯೂ ಆಗದ ಹೆಂಡತಿ ರೂಪಶ್ರೀಗೆ,

ಯೋಗರಾಜನ ಆಶೀರ್ವಾದಗಳು. ನಮಸ್ಕಾರ ಎನ್ನೋಣವೆಂದರೆ ನೀನು ನನಗಿಂತ ನಾಲ್ಕು ವರ್ಷ ಚಿಕ್ಕವಳು. 'ಪ್ರೀತಿಯ' ಎಂದು ಬರೆಯೋಣವೆಂದರೆ ನಿನ್ನ ವಕೀಲರು ಅದನ್ನೂ ಸಾಕ್ಷಿ ಮಾಡಿಕೊಂಡಾರು. ಉಭಯ ಕುಶಲೋಪರಿಯಲ್ಲಿ ನನ್ನ ಅರ್ಧ ಚೆನ್ನಾಗಿದೆ, ನಿನ್ನ ಅರ್ಧ ನಿನಗೆ ಬಿಟ್ಟದ್ದು.

ಹನ್ನೊಂದು ತಿಂಗಳಾದ ಮೇಲೆ ಮೊನ್ನೆ ನಿನ್ನ ಮೆಸೇಜು ಬಂತು. "ನಾನು ಮಾಡಿದ ಲೇಔಟ್ ಫೈಲ್ ಎಲ್ಲಾ ಕೊಡ್ರಿ. ಸೋಮವಾರ ಪಿ.ಬಿ. ರೋಡಿನ ಆಫೀಸಿನಾಗ ಇಂಟರ್‌ವ್ಯೂ ಐತೆ, ಫೈಲ್ ತೆಗೆದು ಅವರ ಎದುರಿಗೇ ಬದಲು ಮಾಡಿ ತೋರಿಸ್ಬೇಕಂತೆ. ಇನ್ಮ್ಯಾಲೆ ಒಬ್ಬಳೇ ಮಾಡಾಕೆ ಯಾವ ಸಾಫ್ಟ್‌ವೇರ್ ಒಳ್ಳೇದು, ಅದನ್ನೂ ಹೇಳ್ರಿ." ಇಷ್ಟೇ. ಜಗಳವಿಲ್ಲ, ಶಾಪವಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು. ಆದರೂ ಮಾಸ್ತರನ್ನು ಬಿಟ್ಟು ಹೋದವಳಿಗೆ ಪಾಠಕ್ಕೆ ಮಾಸ್ತರನೇ ಬೇಕಾಯಿತಲ್ಲ, ಆ ಖುಷಿಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಠ. ಫೋಟೊಶಾಪ್ ನಿನಗೆ ಗೊತ್ತು. ನನ್ನ ಕಂಪ್ಯೂಟರ್ ಕ್ಲಾಸಿಗೆ ಹರಿಹರದಿಂದ ಬಸ್ಸು ಹತ್ತಿ ಬಂದು ನೀನು ಕಲಿತದ್ದೇ ಅದನ್ನು. ಫೋಟೊ ತಿದ್ದಲು ಹುಟ್ಟಿದ ಸಾಫ್ಟ್‌ವೇರಿನಲ್ಲಿ ವೆಬ್‌ಸೈಟಿನ ನಕ್ಷೆ ಬರೆಯುವುದೆಂದರೆ ಸೊಳ್ಳೆ ಹೊಡೆಯಲು ಒನಕೆ ಎತ್ತಿದ ಹಾಗೆ. ಫೈಲು ತೆರೆದುಕೊಳ್ಳುವಷ್ಟರಲ್ಲಿ ಒಂದು ಬೆಣ್ಣೆದೋಸೆ ಮುಗಿದಿರುತ್ತದೆ. ಆದರೆ ಫೈಲು ನಿನ್ನ ಕಂಪ್ಯೂಟರಿನಲ್ಲೇ ಇರುತ್ತದೆ, ಯಾರನ್ನೂ ಬೇಡಬೇಕಾಗಿಲ್ಲ. ನಾವು ಆಮೇಲೆ ಹಿಡಿದ ಫಿಗ್ಮಾ ಎಂಬ ಸಾಫ್ಟ್‌ವೇರ್ ಹಾಗಲ್ಲ. ಬ್ರೌಸರಿನಲ್ಲಿ ತೆರೆಯುತ್ತದೆ, ಇಬ್ಬರೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ಕೆಲಸ ಮಾಡಬಹುದು. ಫೈಲು ಮಾತ್ರ ಕ್ಲೌಡ್ ಎಂಬ ದೂರದ ಯಾವುದೋ ಮೋಡದಲ್ಲಿ, ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಅಂಕೆಯಲ್ಲಿ. ನಮ್ಮ ಖಾತೆ ನನ್ನ ಹೆಸರಿನಲ್ಲಿತ್ತು. ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ.

ನೆನಪಿದೆಯಾ, ಈ ಆಯ್ಕೆಗೇ ನಾವು ಒಂದು ವಾರ ಕಚ್ಚಾಡಿದ್ದೆವು. ಆಗಷ್ಟೇ ಮನೆಯ ಮುಂದೆ 'ವೆಬ್‌ಸೈಟ್ ಲೇಔಟ್' ಎಂದು ಬೋರ್ಡು ಹಾಕಿದ್ದೆವು. ಮೊದಲ ಗಿರಾಕಿ ಒಳಗೆ ಬಂದು, "ಬಾತಿ ಕಡೆ ಥರ್ಟಿ ಫಾರ್ಟಿ ಐತೇನ್ರಿ? ಮೂಲೆ ಸೈಟಿದ್ರೆ ಚೊಲೋ" ಎಂದಿದ್ದ. ನೀನು ನಗು ತಡೆಯಲಾಗದೆ ಅಡುಗೆಮನೆಗೆ ಓಡಿದ್ದೆ. ಆ ವಾರವೇ ನೀನು ಹಟ ಹಿಡಿದೆ. "ಫೈಲು ನಮ್ಮ ಮನ್ಯಾಗೇ ಇರೋ ಅಂಥದ್ದು ತಗೊಳ್ರಿ. ನೆಟ್ ಹೋದ್ರೆ ಕೆಲಸಾನೂ ಹೋಗ್ತೈತೆ." ನಾನು, "ಮನೇನೇ ನಂದು, ಫೈಲ್ ಎಲ್ಲಿದ್ರೇನು?" ಎಂದೆ. ನೀನು ನಕ್ಕೆ. ನಕ್ಕೆ ಎಂದೇ ನನ್ನ ನಂಬಿಕೆ. ಚಹಾದ ಲೋಟ ಅಡ್ಡ ಇತ್ತು, ಮುಖ ಕಾಣಲಿಲ್ಲ.

ನಮ್ಮವ್ವ ಕಾಟಮ್ಮ ಆವತ್ತು ಕೇಳಿದ್ದು ಈಗಲೂ ನಗು ಬರಿಸುತ್ತದೆ: "ಉಚ್ಚೆಂಗೆಮ್ಮ ಗೊತ್ತು, ಇದ್ಯಾವ ಊರಿನ ಫಿಗ್ಮಮ್ಮನೋ? ಹರಕೆ ಏನು ಹೊತ್ಕೊಂಡೀರಿ?" ಹರಕೆ ಹೊತ್ತದ್ದು ನಾನು, ತೀರಿಸಿದ್ದು ನೀನು.

ನಾನು ಫಿಗ್ಮಾ ಆರಿಸಿದ್ದಕ್ಕೆ ನಿಜವಾದ ಕಾರಣ ಕಾಮೆಂಟು. ಹಾಳೆಯ ಮೇಲೆ ಎಲ್ಲಿ ಬೇಕೋ ಅಲ್ಲಿ ಚುಚ್ಚಿ ಮಾತು ಬರೆದಿಡಬಹುದು, ಅಲ್ಲೊಂದು ಪುಟ್ಟ ಗುಳ್ಳೆ ಕಾಣುತ್ತದೆ. ನಾನು ಕಿವಿಗೆ ಹೆಡ್‌ಫೋನ್ ಏರಿಸಿ ಕೂತಾಗ ನೀನು ಗಳಿಗೆಗೊಮ್ಮೆ ಬಾಗಿಲಲ್ಲಿ ನಿಂತು "ರೀ, ರೀ" ಎನ್ನುತ್ತಿದ್ದೆ. ಆಗಲೇ ನಾನು ಕಾನೂನು ಮಾಡಿದ್ದು: ಬಾಯಿ ಬ್ಯಾಡ, ಗುಳ್ಳೆ ಸಾಕು. ಏನಿದ್ದರೂ ಅಲ್ಲಿ ಬರಿ, ಬಿಡುವಾದಾಗ ನೋಡುತ್ತೇನೆ. ನೀನು ವಿಧೇಯ ವಿದ್ಯಾರ್ಥಿನಿ, ಮಾರನೆಯ ದಿನದಿಂದ ಬಾಗಿಲಿಗೆ ಬರುವುದೇ ನಿಂತಿತು. ನನಗೆ ಇಮೇಲಿನಲ್ಲಿ ಟಣ್ ಟಣ್ ಎಂದು ಸೂಚನೆ ಬರತೊಡಗಿತು. ಮೂರನೇ ದಿನಕ್ಕೆ ಅದನ್ನೂ ಬಂದ್ ಮಾಡಿದೆ. ಎಂಥ ನೆಮ್ಮದಿ ಅಂತೀಯಾ!

ಕೆಲಸದ ವಿಷಯದಲ್ಲಿ ನಿನ್ನನ್ನು ಹೊಗಳಲೇಬೇಕು. ಐದು ವರ್ಷದಲ್ಲಿ ಅರವತ್ತೆರಡು ಲೇಔಟು. ರೂಪ ಕೊಟ್ಟದ್ದು ನೀನು, ಶ್ರೀ ಬಂದದ್ದು ನನಗೆ. ನಿನ್ನ ಹೆಸರನ್ನು ನಾವು ಇಷ್ಟು ನ್ಯಾಯವಾಗಿ ಹಂಚಿಕೊಂಡಿದ್ದೆವು. ಅದನ್ನು ನೀನು ಕೆಡಿಸಿದ್ದು ಸಣ್ಣತಿಮ್ಮಪ್ಪನವರು ಬಂದ ದಿನ.

ಮಂಡಕ್ಕಿ ವ್ಯಾಪಾರದ ಸಣ್ಣತಿಮ್ಮಪ್ಪನವರು ತಮ್ಮ ವೆಬ್‌ಸೈಟಿನ ನಕ್ಷೆ ನೋಡಲು ಬಂದಿದ್ದರು. ಪರದೆಯ ಮೇಲೆ ಮಂಡಕ್ಕಿ ರಾಶಿ, ಪಕ್ಕದಲ್ಲಿ ಎರಡು ಹಸಿಮೆಣಸಿನಕಾಯಿ, ಕೆಳಗೆ ಕೆಂಪನೆಯ 'ಸಂಪರ್ಕಿಸಿ' ಗುಂಡಿ. ಮುದುಕಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿ, "ಲೇ ತಮ್ಮಾ, ಬಾಯಾಗ ನೀರು ಬಂತು ನೋಡು. ಯಾರ ಕೈಯಪ್ಪ ಇದು?" ಎಂದರು. ನೀನು ಆಗಲೇ ಚಹಾ ತಟ್ಟೆ ಹಿಡಿದು ಒಳಗೆ ಬಂದೆ. ನಾನು, "ನಂದೇ ರೀ. ಚಹಾ ಮಾತ್ರ ಇವಳ ಕೈದು" ಎಂದೆ. ಅವರು ಹೋ ಎಂದು ನಕ್ಕರು. ಅದು ಒಳ್ಳೆಯ ಜೋಕು, ರೂಪಾ. ಈಗಲೂ ಹಾಗೇ ಅನ್ನುತ್ತೇನೆ. ಐದು ವರ್ಷ ಇಂಥ ನೂರು ಜೋಕಿಗೆ ಸುಮ್ಮನಿದ್ದವಳು ಇದೊಂದಕ್ಕೆ ಯಾಕೆ ಮುನಿಸಿಕೊಂಡೆ? ನೀನು ತಟ್ಟೆ ಇಟ್ಟು ಹೋದೆ. ಅವರು ಎದ್ದ ಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ಕೂತೆ. ಏಳು ಗಂಟೆಗೆ ಎದ್ದು ನೋಡಿದರೆ ಮನೆಯಲ್ಲಿ ನೀನಿಲ್ಲ, ನಿನ್ನ ಸೂಟ್‌ಕೇಸಿಲ್ಲ.

ಒಂದು ಮಾತೂ ಹೇಳದೆ ಹೋದಳು. ಇದನ್ನೇ ನಾನು ಸರಸ್ವತಿ ನಗರಕ್ಕೆಲ್ಲ ಹೇಳಿದ್ದು. ಫೆಬ್ರವರಿಯಲ್ಲಿ ನಿಮ್ಮ ಮನೆಯಲ್ಲಿ ಹಿರಿಯರು ಕೂತಾಗಲೂ ಇದನ್ನೇ ಹೇಳಿದೆ. ಅರ್ಧ ಹರಿ, ಅರ್ಧ ಹರ ಒಂದೇ ಕಲ್ಲಿನಲ್ಲಿ ನಿಂತ ಊರು ನಿನ್ನದು, ಅಲ್ಲಿ ನ್ಯಾಯವೂ ಅರ್ಧರ್ಧ ಆಗುತ್ತದೆಂದು ಹೆದರಿದ್ದೆ. ಆದರೆ ದೊಡ್ಡವರು ನಿನ್ನನ್ನೇ ಕೇಳಿದರು: "ಏನವ್ವಾ, ಗಂಡಗೆ ಒಂದು ಮಾತು ಹೇಳಿ ಬರಬಾರದೇನು?" ನೀನು, "ಹೇಳೇ ಬಂದೀನ್ರಿ. ಅವರನ್ನೇ ಕೇಳ್ರಿ" ಎಂದೆ. ನಾನು, "ಯಾವಾಗ ಹೇಳಿದೆ? ಯಾರ ಮುಂದೆ? ಕನಸಿನಾಗ ಬಂದು ಹೇಳಿದ್ಯಾ?" ಎಂದೆ. ಎಲ್ಲರೂ ನಕ್ಕರು. ನಿಮ್ಮಪ್ಪ ಮೈಲಾರಲಿಂಗಪ್ಪನವರೊಬ್ಬರು ಟವಲ್ಲಿನಿಂದ ಮುಖ ಒರೆಸಿಕೊಂಡರು. ನೀನು ನನ್ನನ್ನು ಒಂದು ಸಲ ನೋಡಿ ಎದ್ದು ಒಳಗೆ ಹೋದೆ. ತಪ್ಪು ನಿನ್ನದೆಂದು ಬರೆದು ಎದ್ದರು. ಫೋಟೊಶಾಪಿನ ಲೇಯರ್ ಕಲಿಯಲು ಬಂದವಳು ಲಾಯರ್ ತನಕ ಹೋದದ್ದು ಆಮೇಲೆ.

ಇರಲಿ. ನಿನ್ನ ಫೈಲಿನ ವಿಷಯಕ್ಕೆ ಬರುತ್ತೇನೆ. ನೀನು "ಎಲ್ಲಾ ಕೊಡ್ರಿ" ಎಂದೆ, ಎಲ್ಲಾ ಕೊಟ್ಟಿದ್ದೇನೆ. ಈ ಕಾಗದದ ಜೊತೆ ಇರುವ ಕಟ್ಟನ್ನು ಬಿಚ್ಚಿ ನೋಡು. ನಿನ್ನೆ ಹಯಾತ್ ಸಾಬರ ಜೆರಾಕ್ಸ್ ಅಂಗಡಿಯಲ್ಲಿ ಕೂತು ಅರವತ್ತೆರಡು ಲೇಔಟನ್ನೂ ಒಂದೊಂದಾಗಿ ತೆರೆದು ಪ್ರಿಂಟ್ ತೆಗೆಸಿದೆ. ಬಣ್ಣದ್ದೇ ತೆಗೆಸಿದೆ, ಕಂಜೂಸ್ ಎನ್ನಬೇಡ. ಸಾಬರು ಪಾಪ, "ಯೋಗಣ್ಣ, ಕಂಪ್ಯೂಟರಿನಾಗ ಇರೋದನ್ನ ಕಾಗದಕ್ಕೆ ಯಾಕ ಇಳಿಸ್ತೀರಿ?" ಎಂದು ಕೇಳಿದರು. "ನೆಟ್ ಹೋದ್ರೂ ಇರ್ಲಿ ಅಂತ. ನಮ್ಮ ಮನ್ಯಾಕಿ ಆಸೆ" ಎಂದೆ. ಅವರೇ ಇನ್ನೊಂದು ಹೇಳಿದರು: "ಅಲ್ಲಲ್ಲಿ ಗುಳ್ಳೆ ಕಾಣ್ತಾವಲ್ಲ, ಅವು ಪ್ರಿಂಟಿನಾಗ ಬರಾದಿಲ್ಲ ನೋಡ್ರಿ." ಬರದಿದ್ದರೆ ಒಳ್ಳೆಯದೇ ಎಂದೆ.

ಸೋಮವಾರ ಆ ಆಫೀಸಿನವರ ಎದುರು ಕಟ್ಟು ಬಿಚ್ಚು. ಬದಲು ಮಾಡಿ ತೋರಿಸು ಎಂದರೆ ಕತ್ತರಿ, ಗೋಂದು ತೆಗೆದುಕೊಂಡು ಹೋಗು. ಪ್ರಿಂಟಾದ ಮೇಲೆ ಫೈಲುಗಳನ್ನೆಲ್ಲ ಅಳಿಸಿ ಖಾತೆಯನ್ನೇ ಮುಚ್ಚಿದೆ. ಒಬ್ಬನಿಗೆ ಅಷ್ಟು ದೊಡ್ಡ ಮೋಡ ಯಾಕೆ? ಆದ್ದರಿಂದ ಲಿಂಕ್ ಕಳಿಸ್ರಿ ಎಂದು ಮತ್ತೆ ಮೆಸೇಜು ಮಾಡಬೇಡ. ಮೋಡ ಚದುರಿತು, ಆಕಾಶ ಸ್ವಚ್ಛ. ಇನ್ನು ಮೇಲೆ ಯಾವ ಸಾಫ್ಟ್‌ವೇರ್ ಎಂದು ಕೇಳಿದೆಯಲ್ಲ, ಫೈಲು ನಿನ್ನ ಮನೆಯಲ್ಲೇ ಇರುವಂಥದ್ದು ತಗೋ. ಅಂದು ನೀನು ಹೇಳಿದ್ದೇ ಸರಿ. ಮಾಸ್ತರ ತಪ್ಪೊಪ್ಪಿಕೊಂಡಾಗ ವಿದ್ಯಾರ್ಥಿನಿ ಎದುರಿಗಿಲ್ಲ, ಅದೊಂದು ಕೊರಗು.

ನಮ್ಮವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ಇತಿ, ಖಾತೆ ಮುಚ್ಚಿದ,
ಯೋಗರಾಜ್

ಮರೆತ ಮಾತು: ಆ ಗುಳ್ಳೆಗಳು ನಲವತ್ತೊಂದು ಇದ್ದವು. ಐದು ವರ್ಷದಲ್ಲಿ ನಾನು ಒಂದನ್ನೂ ತೆರೆದಿರಲಿಲ್ಲ. ನಿನ್ನೆ ಸಾಬರ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಓದಿದೆ. 'ಈ ಬಣ್ಣ ಸಾಕಾ ರೀ', 'ಅಪ್ಪಗೆ ಜ್ವರ, ಹರಿಹರಕ್ಕೆ ಹೋಗಿ ಬರ್ಲಾ', 'ಇವತ್ತು ನನ್ನ ಹುಟ್ಟಿದ ದಿನ, ಸುಮ್ನೆ ಬರೆದೆ'. ಒಂದೊಂದನ್ನೂ ಓದಿ ಪಕ್ಕದ 'ರಿಸಾಲ್ವ್' ಒತ್ತಿದೆ, ಒತ್ತಿದರೆ ಗುಳ್ಳೆ ಮಾಯವಾಗುತ್ತದೆ. ಕೊನೆಯದು ಮಂಡಕ್ಕಿ ಪುಟದ 'ಸಂಪರ್ಕಿಸಿ' ಗುಂಡಿಯ ಮೇಲಿತ್ತು. ಅದೇ ದಿನ, ಸಂಜೆ ಐದೂ ಹತ್ತು. 'ನಾನು ಹೊರಟೆ ರೀ. ಆರೂವರೆ ಬಸ್ಸು. ಅಲ್ಲೀತನಕ ಬಸ್‌ಸ್ಟ್ಯಾಂಡಿನಾಗ ಇರ್ತೀನಿ, ಬಂದು ಕರೆದ್ರೆ ಬರ್ತೀನಿ.' ಉತ್ತರದ ಜಾಗದಲ್ಲಿ 'ಇರು, ಬಂದೆ' ಎಂದು ಟೈಪ್ ಮಾಡಿ, ಅಳಿಸಿದೆ. ಹಯಾತ್ ಸಾಬರು ಹೆಗಲ ಹಿಂದಿನಿಂದ, "ಇದೊಂದು ಫೋಟೊ ತೆಗೆದಾದ್ರೂ ಇಟ್ಕೊಳ್ರಿ ಯೋಗಣ್ಣ" ಎಂದರು. ಬ್ಯಾಡ ಎಂದೆ. ಅದು ಉಳಿದರೆ ಹಿರಿಯರ ಮುಂದೆ ನೀನು ಹೇಳಿದ್ದು ನಿಜವಾಗುತ್ತದೆ. ಖಾತೆ ಮುಚ್ಚಿದ್ದು ಅದಕ್ಕೇ.