ಶಶಿಕಾಂತನ ಫ್ರಿಜ್ಜಿನ ತೂತು

ಜೋಗೇಶ್ವರಿ, ಮುಂಬಯಿ
೧೪ ಮೇ ೨೦೨೫, ಬುಧವಾರ

ಪ್ರೀತಿಯ ಪುಳ್ಳಿ ಯಕ್ಷಿತಾಳಿಗೆ ಅಜ್ಜಿಯ ಆಶೀರ್ವಾದ.

ಹೇಗಿದ್ದೀ ಮಗಾ? ನಾಸಿಕದಲ್ಲಿ ಬಿಸಿಲು ವಿಪರೀತವಂತೆ. ನೀನು ಕೆಲಸ ಮಾಡುವ ದ್ರಾಕ್ಷಿಯ ತಣ್ಣನೆ ಗೋದಾಮಿನ ಒಳಗೆ ಚಳಿ, ಹೊರಗೆ ಕೆಂಡ. ದಿನಕ್ಕೆ ಹತ್ತು ಸಲ ಒಳಗೂ ಹೊರಗೂ ತಿರುಗಿದರೆ ಗಂಟಲು ಕಟ್ಟದೆ ಇರುತ್ತದೆಯೇ? ಕರಿಮೆಣಸಿನ ಕಷಾಯ ಮಾಡಿ ಕುಡಿ. ಹಾಸ್ಟೆಲಿನಲ್ಲಿ ಮೂರು ಹೊತ್ತೂ ಚಪಾತಿ ಎಂದು ನಿನ್ನಮ್ಮ ಹೇಳಿದಳು, ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ಹೊಟ್ಟೆಗೆ ಅದು ಎಷ್ಟು ದಿನ ಒಗ್ಗುತ್ತದೋ. ನನ್ನ ಮೊಣಕಾಲು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು 'ಆಯ್ತಜ್ಜಿ, ಆಯ್ತಜ್ಜಿ' ಎಂದು ಎರಡು ನಿಮಿಷಕ್ಕೆ ಇಟ್ಟುಬಿಡುತ್ತೀ. ಕಾಗದವನ್ನಾದರೆ ಕೊನೆಯ ತನಕ ಓದುತ್ತೀ ಎಂಬ ಆಸೆ.

ಮೊದಲು ಹಪ್ಪಳದ ಸುದ್ದಿ ಹೇಳಿ ಹೊಟ್ಟೆಯುರಿ ತೀರಿಸಿಕೊಳ್ಳುತ್ತೇನೆ. ಊರಿನಿಂದ ಬಸ್ಸಿನಲ್ಲಿ ಎರಡು ಹಲಸಿನಕಾಯಿ ಬಂದಿದ್ದವು. ಬೇಯಿಸಿ, ರುಬ್ಬಿ, ಸೊಂಟ ಮುರಿದುಕೊಂಡು ತಟ್ಟಿದ ಹಪ್ಪಳವನ್ನೆಲ್ಲ ನಮ್ಮ ರಿಪೇರಿ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಚಾಪೆಯ ಮೇಲೆ ಒಣಗಲು ಹಾಕಿದ್ದೆ. ಸೋಮವಾರ ಮಧ್ಯಾಹ್ನ ನಿನ್ನ ಅಪ್ಪನ ಮೆಕ್ಯಾನಿಕ್ ಆ ತಿಲಕ, ಯಾವುದೋ ಆಫೀಸಿನಲ್ಲಿ ಬಿಚ್ಚಿದ ಹನ್ನೊಂದು ಹಳೆಯ ಎಸಿಗಳನ್ನು ಟೆಂಪೋದಿಂದ ತಂದು ಅಲ್ಲೇ ಇಳಿಸಿದ. ಗುಜರಿಗೆ ಕೊಡಲು ತಾಮ್ರ ಬೇಕಲ್ಲ, ಕಟರ್ ಹಿಡಿದು ಒಂದೊಂದರ ಕೊಳವೆ ಕತ್ತರಿಸುತ್ತ ಬಂದ. ಒಂದೊಂದೂ ಹಾವಿನಂತೆ ಬುಸುಗುಟ್ಟಿ ಬಿಳಿ ಹೊಗೆ ಕಾರಿತು. ಒಳಗಿದ್ದ ಹಳೇ ಎಣ್ಣೆ ಚಿಮ್ಮಿ ನನ್ನ ಹಪ್ಪಳದ ಮೇಲೆಲ್ಲ ಹಳದಿ ಚುಕ್ಕೆ ಬಿತ್ತು. ಮಲಗಿದ್ದ ಬೀದಿ ನಾಯಿ ಕೂಡ ಎದ್ದು ಆಚೆ ಹೋಯಿತು. ನಾನು ಬಿಡಲಿಲ್ಲ. "ಏ ತಿಲಕ, ಆ ಗ್ಯಾಸನ್ನು ಸಿಲಿಂಡರಿಗೆ ತುಂಬಿಸ್ಬೇಕಂತಲ್ಲ?" ಎಂದು ಕೇಳಿದರೆ, ಆ ಮನುಷ್ಯ ಹಲ್ಲು ಕಿರಿಯುತ್ತ, "ಅಜ್ಜಿ, ಅದೆಲ್ಲ ಯಕ್ಷಿತಾನ ಪುಸ್ತಕದ ಮಾತು. ಗಾಳಿಗೆ ಬಿಟ್ರೆ ಗಾಳಿಯೇ ಆಯ್ತು. ಹೆಸರು ಬರೆದುಂಟಾ ಅದರ ಮೇಲೆ?" ಎಂದ. ನಿನ್ನ ಅಪ್ಪ ಒಳಗಿನಿಂದಲೇ, "ಅಮ್ಮ, ಇದು ಧಂಧೆಯ ಜಾಗ, ಹಪ್ಪಳ ಟೆರೇಸಿಗೆ ತಗೊಂಡು ಹೋಗು" ಎಂದ. ನಾನು ಹೆತ್ತ ಮಗ. ನೀನು ಫ್ರಿಜ್-ಎಸಿ ಕೋರ್ಸಿನ ಸ್ಟೈಪೆಂಡ್ ಕೂಡಿಸಿ ಸೆಕೆಂಡ್ ಹ್ಯಾಂಡಿನಲ್ಲಿ ತಂದುಕೊಟ್ಟ ಗ್ಯಾಸ್ ಎಳೆಯುವ ಯಂತ್ರ ಅಲ್ಲೇ ಮೂಲೆಯಲ್ಲಿದೆ, ತಿಲಕ ಅದರ ಮೇಲೆ ಟಿಫಿನ್ ಡಬ್ಬಿ ಇಟ್ಟು ಉಣ್ಣುತ್ತಾನೆ. ಹಪ್ಪಳವನ್ನೆಲ್ಲ ಕಸಕ್ಕೆ ಸುರಿದು ಬಂದೆ. ಆ ಎಣ್ಣೆಯ ವಾಸನೆ ಇನ್ನೂ ಮೂಗಿನಲ್ಲಿದೆ.

ನಮ್ಮ ಬಿಲ್ಡಿಂಗಿನವರಾದರೂ ಮನುಷ್ಯರೇ ಎಂದರೆ ಅದೂ ಇಲ್ಲ. ಎದುರಿನ ಮನೆಯವರು ಎಸಿಯನ್ನು ಹದಿನೆಂಟಕ್ಕೆ ಇಟ್ಟು, ಕಿಟಕಿ ಅರ್ಧ ತೆರೆದು, ಮೈಮೇಲೆ ಕಂಬಳಿ ಹೊದ್ದು ಮಲಗುತ್ತಾರೆ. ಚಳಿಯಾದರೆ ಎಸಿ ಕಡಿಮೆ ಮಾಡಬೇಕೆಂದು ತಿಳಿಯದವರು ಮಗನನ್ನು ಇಂಜಿನಿಯರ್ ಓದಿಸುತ್ತಿದ್ದಾರೆ. ಒಳಗಿನ ಬಿಸಿಯನ್ನೆಲ್ಲ ಗೋಡೆಯ ಹೊರಗಿನ ಡಬ್ಬಿಗಳು ನಾನು ಗ್ಯಾಲರಿಯಲ್ಲಿ ಕೂತರೆ ನನ್ನ ಮುಖಕ್ಕೇ ಉಗುಳುತ್ತವೆ. ಮೊದಲು ಸಂಜೆ ಆ ಗ್ಯಾಲರಿಯಲ್ಲಿ ಗಾಳಿ ಬರುತ್ತಿತ್ತು, ಈಗ ದೋಸೆಕಲ್ಲಿನ ಮುಂದೆ ಕೂತ ಹಾಗೆ. ಪರರನ್ನು ಯಾಕೆ ದೂರಲಿ, ನಿನ್ನಮ್ಮನೂ ಇಪ್ಪತ್ತಕ್ಕಿಂತ ಮೇಲೆ ಇಡುವುದಿಲ್ಲ. ಇಪ್ಪತ್ತನಾಲ್ಕಕ್ಕೆ ಇಟ್ಟು ಫ್ಯಾನ್ ಹಾಕು, ತಿಂಗಳಿಗೊಮ್ಮೆ ಜಾಲರಿ ತೊಳಿ, ಕರೆಂಟ್ ಅಷ್ಟು ಸುಡುವುದಿಲ್ಲ ಎಂದು ನೀನು ಬಡಿದುಕೊಂಡದ್ದು ಗಾಳಿಗೆ ಹೋಯಿತು. ಜಾಲರಿಯ ಮೇಲಿನ ಧೂಳಿನಲ್ಲಿ ಬಸಳೆ ನೆಡಬಹುದು. ಎಸಿ ರಿಪೇರಿಯವನ ಮನೆ ಇದು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಿನ್ನ ಗ್ಯಾಸಿನ ನಂಬರುಗಳು ನನ್ನ ತಲೆಗೆ ಹತ್ತಲಿಲ್ಲ. ಆದರೆ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ ನೀನು ಹೇಳಿದ ಒಂದು ಮಾತು ಹತ್ತಿತು. ಫ್ರಿಜ್ಜಿನ ಗ್ಯಾಸ್ ಒಲೆಯ ಗ್ಯಾಸಿನ ಹಾಗೆ ಸುಟ್ಟು ಮುಗಿಯುವ ವಸ್ತುವಲ್ಲ, ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ಹೊರಗೆ ಹೋದ ಒಂದು ಕಿಲೋ ಗ್ಯಾಸ್ ಸಾವಿರದ ಎಂಟುನೂರು ಕಿಲೋ ಹೊಗೆಯಷ್ಟು ಭೂಮಿಯನ್ನು ಕಾಯಿಸುತ್ತದೆ ಎಂದಿದ್ದೆ. ಹಾಗಾದರೆ ನಿನ್ನ ಅಪ್ಪ ಮೂವತ್ತು ವರ್ಷದಿಂದ ಮಾಡಿದ್ದೇನು? ತೂತು ಹುಡುಕದೆ ವರ್ಷ ವರ್ಷ ಗ್ಯಾಸ್ ತುಂಬಿಸಿದ್ದು. ಗಿರಾಕಿಗಳೂ ಹಾಗೇ, 'ಗ್ಯಾಸ್ ಭರ್ ದೋ' ಎನ್ನುತ್ತಾರೆ, ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದ ಹಾಗೆ.

ಮಾಟುಂಗದ ಶಶಿಕಾಂತನ ಹೋಟೆಲಿನ ದೊಡ್ಡ ಫ್ರಿಜ್ಜಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ತುಂಬಿಸಿದರು. ನಾಲ್ಕನೆಯ ಸಲ ತಿಲಕನ ಜೊತೆ ನೀನು ಹೋದೆ. ಕೊಳವೆಗೆ ಸಾಬೂನು ನೀರು ಹಚ್ಚಿ ನೋಡಿದೆ, ಬಾಗಿದ ಒಂದು ಕಡೆ ಗುಳ್ಳೆ ಎದ್ದಿತು. ಬೆಸುಗೆ ಹಾಕಿದರೆ ಮುಗಿಯುವ ಕೆಲಸ. ಬಂದು ಅಪ್ಪನಿಗೆ ಹೇಳಿದರೆ ಅವನೆಂದದ್ದು ಇಷ್ಟೇ: "ಇವತ್ತು ಮುಚ್ಚಿದ್ರೆ ನಾಳೆ ನಮ್ಮನ್ನ ಕರೆಯುವುದು ಯಾರು?" ಒಂದು ವಾರವಾಗಲಿಲ್ಲ, ಶಶಿಕಾಂತನೇ ನಿನ್ನ ಅಪ್ಪನಿಗೆ ಫೋನ್ ಮಾಡಿ, "ತೂತಿನ ವಿಷಯ ಗೊತ್ತಿದ್ದೂ ಹೇಳ್ಲಿಲ್ಲ ಅಲ್ವಾ ಧನರಾಜಣ್ಣ" ಎಂದು ಕೆಲಸ ಬೇರೆಯವನಿಗೆ ಕೊಟ್ಟ. ಸಂಕ್ರಾಂತಿ ಕಳೆದ ಆ ಭಾನುವಾರ ನಿನ್ನ ಅಪ್ಪ ನಿನ್ನ ಮೇಲೆ ಹಾರಾಡಿದ. "ಮನೆಯ ಅನ್ನ ತಿಂದು ಮನೆಗೇ ಚೂರಿ ಹಾಕಿದೆಯಾ?" "ನಾನು ಅವರ ಹತ್ರ ಒಂದು ಮಾತೂ ಆಡ್ಲಿಲ್ಲ ಪಪ್ಪಾ" ಎಂದು ನೀನು ಎಷ್ಟು ಸಲ ಹೇಳಿದೆಯೋ. ಅವನು ನಂಬಲಿಲ್ಲ. ತಪ್ಪು ಒಪ್ಪಿಕೊಂಡರೆ ಮಾತ್ರ ಈ ಮನೆಯಲ್ಲಿ ಜಾಗ ಎಂದ. ಮಾಡದ ತಪ್ಪನ್ನು ಒಪ್ಪದೆ ನೀನು ಬ್ಯಾಗು ತುಂಬಿಸಿದೆ. ನಾನು ಬಸಳೆ ಸೋಸುತ್ತ ಕೂತಿದ್ದೆ, ತಲೆಯೆತ್ತಲಿಲ್ಲ. ನಾಲ್ಕು ತಿಂಗಳಾಯಿತು. ಇವತ್ತಿಗೂ ನಿನ್ನ ಹೆಸರೆತ್ತಿದರೆ "ಒಪ್ಪಿಕೊಳ್ಳಲಿ, ಬರಲಿ" ಎಂಬುದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತಿಲ್ಲ.

ಕಳೆದ ಶುಕ್ರವಾರ ಎಂದಿನಂತೆ ಮಾಟುಂಗದ ಗುಡಿಗೆ ಭಜನೆಗೆ ಹೋಗಿದ್ದೆ. ಶಶಿಕಾಂತನ ತಾಯಿ ನೀಲಾವತಿ ಪ್ರಸಾದ ಹಂಚುತ್ತಿದ್ದವಳು ಎಲ್ಲರ ಎದುರು ನನ್ನ ಕೈ ಹಿಡಿದಳು. "ಸೇವಂತಿಯಕ್ಕ, ನಿಮ್ಮ ಪುಳ್ಳಿಗೆ ಪುಣ್ಯ ಬರ್ಲಿ. ಅವಳು ಹೇಳಿದ ಜಾಗದಲ್ಲೇ ತೂತಿತ್ತು. ಮುಚ್ಚಿದ ಮೇಲೆ ಈ ಬೇಸಿಗೆ ಪೂರ್ತಿ ಒಂದು ಚಮಚ ಗ್ಯಾಸ್ ಹಾಕ್ಲಿಲ್ಲ. ಮಿಷನ್ ಮೊದಲಿನ ಹಾಗೆ ಹಗಲೂ ರಾತ್ರಿ ಕೊರಗುವುದಿಲ್ಲ, ಕರೆಂಟ್ ಬಿಲ್ಲೂ ಇಳಿದಿದೆ" ಎಂದಳು. ಭಜನೆಯ ಹೆಂಗಸರೆಲ್ಲ ತಲೆದೂಗಿದರು. ಹೊರಗಿನವರು ನಿನ್ನನ್ನು ಹೊಗಳುತ್ತಾರೆ, ಮನೆಯವರು ಕಳ್ಳಿಯನ್ನಾಗಿ ಮಾಡಿ ಅಟ್ಟಿದ್ದಾರೆ. ಪ್ರಸಾದವನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ. ದಾದರಿನಲ್ಲಿ ಗಾಡಿ ಬದಲಿಸಿ ಹತ್ತಿದಾಗ ಯಾರೋ ಹುಡುಗಿ ಎದ್ದು ಸೀಟು ಕೊಟ್ಟಳು, ನಿನ್ನದೇ ವಯಸ್ಸು. ಕೂತುಕೊಳ್ಳಲು ನಾಚಿಕೆಯಾಗಿ ಜೋಗೇಶ್ವರಿಯ ತನಕ ನಿಂತೇ ಬಂದೆ.

ಈ ಮನೆ, ಈ ಅಂಗಡಿ, ಅದರ ಮುಂದೆ ಬರೆದ 'ನಂಬಿಕೆಯ ಸೇವೆ' ಎಂಬ ಬೋರ್ಡು, ಯಾವುದನ್ನು ನೋಡಿದರೂ ಹೇಸಿಗೆಯಾಗುತ್ತದೆ ಮಗಾ. ನೀನು ಅಲ್ಲಿ ನಿನ್ನ ಕೆಲಸ ನೀಟಾಗಿ ಮಾಡು. ರಜೆಯ ದಿನ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡು. ಜೊತೆಯ ಹುಡುಗಿಯರನ್ನು ಕೇಳಿದೆನೆಂದು ಹೇಳು. ದೇವರು ನಿನ್ನ ಬೆನ್ನಿಗಿರಲಿ, ನಾವಂತೂ ಇರಲಿಲ್ಲ.

ಇಂತು ನಿನ್ನ ಅಜ್ಜಿ,
ಸೇವಂತಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಬರೆಯಲೇಬೇಕು. ತೂತಿನ ವಿಷಯ ನೀಲಾವತಿಗೆ ಹೇಳಿದ್ದು ನಾನು. ಸಂಕ್ರಾಂತಿಯ ಮೊದಲಿನ ಶುಕ್ರವಾರ, ಭಜನೆ ಮುಗಿದು ಚಪ್ಪಲಿ ಹುಡುಕುವಾಗ, ಅವಳು ತನ್ನ ಸೊಸೆ ಬ್ಯಾಂಕಿನಲ್ಲಿದ್ದಾಳೆಂದು ಕೊಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ. ನನ್ನ ಪುಳ್ಳಿ ನಿಮ್ಮ ಫ್ರಿಜ್ಜಿನ ಕೊಳವೆ ಬಾಗಿದ ಕಡೆಯ ತೂತು ಸಾಬೂನು ನೀರಿನಲ್ಲೇ ಹಿಡಿದಳು, ಗಂಡಸರಿಗೆ ಆಗದ್ದು ಎಂದು ಜಂಬ ಹೊಡೆದೆ. ಸತ್ಯ ಹೇಳಬೇಕೆಂದು ಹೇಳಿದ್ದಲ್ಲ, ಮೇಲುಗೈಯಾಗಲೆಂದು. ಆ ಭಾನುವಾರ ಒಂದು ಮಾತು ಆಡಿದ್ದರೆ ನೀನು ಮನೆ ಬಿಡುತ್ತಿರಲಿಲ್ಲ. ಮಗ ನನ್ನನ್ನು ಊರಿಗೆ ಕಳಿಸಿಯಾನೆಂದು ಹೆದರಿ ಬಾಯಿ ಮುಚ್ಚಿದೆ. ಮೇಲೆ ಎಲ್ಲರನ್ನೂ ಬೈದದ್ದೆಲ್ಲ ನಿಜ, ಆದರೆ ಎಲ್ಲರಿಗಿಂತ ಅಸಹ್ಯ ನಾನು. ಕಾಗದ ಡಬ್ಬಿಗೆ ಹಾಕಿ ಬಂದು ನೇರ ಅಂಗಡಿಗೆ ಹೋಗುತ್ತೇನೆ, ತಿಲಕನ ಎದುರೇ ನಿನ್ನ ಅಪ್ಪನಿಗೆ ಹೇಳುತ್ತೇನೆ. ಮೊದಲು ನಿನಗೆ ಬರೆದದ್ದು, ಆಮೇಲೆ ನನ್ನ ಧೈರ್ಯ ಕೈಕೊಟ್ಟರೂ ಈ ಕಾಗದ ನಿನ್ನ ಕೈಯಲ್ಲಿರಲಿ ಎಂದು. ಅವನಿಗೆ ತೋರಿಸು. ಮತ್ತೆ ಅವನು ಕರೆಯಲು ಬಂದರೆ ಬರುವುದೂ ಬಿಡುವುದೂ ನಿನಗೆ ಸೇರಿದ್ದು, ನನ್ನ ಮುಖ ನೋಡಿ ಬರಬೇಡ. ನನಗೆ ಎರಡು ಸಾಲು ಬೈದು ಬರೆ. ಅಕ್ಷರ ತಪ್ಪಿದರೂ ಚಿಂತೆಯಿಲ್ಲ, ಕನ್ನಡದಲ್ಲೇ ಬೈ.