ಕೆಂಪು ಯಾವುದು, ಕಪ್ಪು ಯಾವುದು

ಮಾರ್ಚ್ 3, ಸೋಮವಾರ
ಇವತ್ತೂ ರಿಪೇರಿ ನಡೆದಿರುವ ಮನೆಯಲ್ಲಿ, ಹೊಸ ವೈರಿಂಗಿಗೆ ಗೋಡೆ ಕೊರೆಯುವ ಕೆಲಸ. ಕೂದಲಲ್ಲಿ ಸಿಮೆಂಟು, ಉಗುರಲ್ಲಿ ಸಿಮೆಂಟು, ಊಟದ ಡಬ್ಬಿಯಲ್ಲೂ ಸಿಮೆಂಟು. ಜೆರಾಕ್ಸ್ ಅಂಗಡಿ ಮುಚ್ಚಿ, ನಲವತ್ತು ದಾಟಿದ ಮೇಲೆ ವೈರಿಂಗ್ ಕಲಿಯಲು ಹೊರಟವಳಿಗೆ ಇದು ಬರೀ ಬಡ್ಡಿ. ಅಸಲು ಇನ್ನೂ ಮುಂದಿದೆ. ಕ್ಲಾಸಿನಲ್ಲಿ ಹುಡುಗರು ಆಂಟಿ ಅಂದರು, ಪಾಸಾದೆ. ಈಗ ವೈರಿಂಗ್ ಮೇಸ್ತ್ರಿಯ ಕೈಕೆಳಗೆ. ಪರ್ಮಿಟ್ ಅರ್ಜಿಗೆ ಅವರ ಸಹಿ ಬಿದ್ದರೆ ಸ್ವಂತ ಕೆಲಸ ಹಿಡಿಯಬಹುದು. ಬೀಳದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮನೆಗೆ ಬಂದರೆ ಅತ್ತೆ — ‘ಊರೋರಿಗೆಲ್ಲ ಲೈಟ್ ಹಾಕ್ತೀಯ. ನಮ್ಮ ಬಚ್ಚಲಲ್ಲಿ ಮಾತ್ರ ನಾನು ತಡಕಾಡ್ಕೊಂಡು ಸ್ನಾನ ಮಾಡ್ಬೇಕು.’
‘ನಾಳೆ ಹಾಕ್ತೀನಿ ಅತ್ತೆ.’
‘ನಿನ್ನ ನಾಳೆಗೊಂದು ಮೀಟರ್ ಕೂರಿಸು, ಎಷ್ಟು ಓಡಿದೆ ನೋಡೋಣ.’

ಮಾರ್ಚ್ 6, ಗುರುವಾರ
ಪೈಪಿನೊಳಗೆ ವೈರ್ ಎಳೆದೆವು. ಮುಂದಿನ ಕೋಣೆಗಳು ನನಗೆ, ಹಿಂದಿನ ಮಬ್ಬು ಕೋಣೆ ಮೇಸ್ತ್ರಿಗೆ. ‘ಆ ಕೆಂಪು ಸುರುಳಿ ಕೊಡಮ್ಮ’ ಅಂದರು. ಅದು ಅವರ ಮೊಣಕಾಲ ಹತ್ತಿರವೇ ಇತ್ತು. ಸುಸ್ತು ಅಂದುಕೊಂಡೆ. ನನಗೂ ಸುಸ್ತೇ.

ಮಾರ್ಚ್ 11, ಮಂಗಳವಾರ
ಮನೆಗೆ ಬಣ್ಣ ಬಳಿಯಲು ಬಂದ ಪೇಂಟರ್ ಬದುಕಿದ. ಹಿಂದಿನ ಕೋಣೆಯಲ್ಲಿ ಸ್ವಿಚ್ ಆಫ್ ಮಾಡಿ, ಕಬ್ಬಿಣದ ಏಣಿ ಹತ್ತಿ, ಒದ್ದೆ ಬಟ್ಟೆಯಲ್ಲಿ ಹೋಲ್ಡರ್ ಒರೆಸಿದ್ದಾನೆ. ಕರೆಂಟು ಹೊಡೆದು ಕೆಳಗೆ ಬಿದ್ದ. ಮೊಣಕೈ ತರಚಿದೆ, ಅಷ್ಟೇ. ‘ಆಫ್ ಅಂದ್ರೆ ಆಫ್ ಅಲ್ವೇನ್ರೀ ನಿಮ್ಮ ಕಡೆ? ನನ್ ಹೆಂಡ್ತಿ ಮೌನದ ಹಾಗೆ!’ ಅಂದ. ನಗುತ್ತಲೇ ಅಂದ, ಏಣಿ ಮಾತ್ರ ಮತ್ತೆ ಮುಟ್ಟಲಿಲ್ಲ.

ಕಂಟ್ರಾಕ್ಟರ್ ಓಡಿ ಬಂದರು. ‘ಯಾರ್ರೀ ಈ ರೂಮು ಮಾಡಿದ್ದು?’
ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ‘ಹೊಸಬಳು ಸಾರ್... ಕಲೀತಿದ್ದಾಳೆ. ನಾನ್ ಸರಿ ಮಾಡ್ತೀನಿ.’
ಆ ಕೋಣೆ ಅವರದೇ. ಅಂಗಡಿಯಲ್ಲಿ ಗಿರಾಕಿಗಳಿಗೆ ಮಾತು ಮಾರಿಯೇ ಇಷ್ಟು ವರ್ಷ ಹೊಟ್ಟೆ ಹೊರೆದವಳು, ಒಂದು ಸಹಿಯ ಆಸೆಗೆ ಮೂಗಿಯಾದೆ. ಇನ್ನೂ ಹುಟ್ಟದ ನನ್ನ ಹೆಸರು ಹುಟ್ಟುವ ಮೊದಲೇ ಕೆಟ್ಟಿತು. ನಷ್ಟದ ವ್ಯಾಪಾರ.

ಮಾರ್ಚ್ 12, ಬುಧವಾರ
ಬೆಳಗ್ಗೆಯೇ ಮೇನ್ ಸ್ವಿಚ್ ಇಳಿಸಿ ಆ ಕೋಣೆಯ ಸ್ವಿಚ್ ಬಾಕ್ಸ್ ಬಿಚ್ಚಿದೆ. ಕರೆಂಟು ಹೊತ್ತು ಬರುವ ಕೆಂಪು ವೈರ್ ಸ್ವಿಚ್ಚಿಗೆ ಹೋಗಬೇಕು. ಇಲ್ಲಿ ಕರೆಂಟು ವಾಪಸ್ ಹೋಗುವ ಕಪ್ಪು ಹೋಗಿದೆ, ಕೆಂಪು ನೇರ ಹೋಲ್ಡರಿಗೆ. ಬಲ್ಬು ಹತ್ತುತ್ತದೆ, ಆರುತ್ತದೆ. ಸ್ವಿಚ್ ಆಫ್ ಮಾಡಿದರೂ ಕರೆಂಟು ಮಾತ್ರ ಹೋಲ್ಡರಿನಲ್ಲೇ ಹೊಂಚು ಹಾಕಿರುತ್ತದೆ.

ಮೇಸ್ತ್ರಿ ಟೀ ಹಿಡಿದು ಬಂದರು. ‘ಅರ್ಜಿ ತಗೊಂಬಾಮ್ಮ, ಇವತ್ತೇ ಸಹಿ ಹಾಕ್ಬಿಡ್ತೀನಿ.’ ಅರ್ಜಿ ತೆಗೆಯಲಿಲ್ಲ. ಎರಡು ವೈರ್ ತುಂಡು ಅವರ ಕೈಯಲ್ಲಿಟ್ಟೆ.
‘ಕೆಂಪು ಯಾವ್ದು, ಹೇಳಿ ಮೇಸ್ತ್ರಿ.’
‘ನನ್ನೇ ಪರೀಕ್ಷೆ ಮಾಡ್ತೀಯಾ? ನೀನು ಬಲ್ಬು ನೋಡೋಕ್ ಮುಂಚೆ ಏಣಿ ಹತ್ತಿದೋನು ನಾನು.’
‘ಹೌದು. ಯಾವ್ದು ಹೇಳಿ.’
ಕಿಟಕಿಯ ಕಡೆ ಎತ್ತಿ ಹಿಡಿದರು. ಹಿಡಿದೇ ಇದ್ದರು. ಟೀ ಆರಿತು. ಆಮೇಲೆ ಎರಡನ್ನೂ ನನ್ನ ಕೈಗೇ ವಾಪಸ್ ಕೊಟ್ಟು, ‘ಕಣ್ಣಿಗೆ ಪೊರೆ ಬಂದಿದೆಯಂತೆ’ ಅಂದರು. ‘ಕೆಲ್ಸ ಹೋಗುತ್ತಮ್ಮ. ಹೇಳ್ಬೇಡ.’
‘ನಾನು ಹೇಳಲ್ಲ. ನೀವೇ ಹೇಳ್ಬೇಕು.’
ಎದ್ದು ಹೋದರು.

ಮಾರ್ಚ್ 17, ಸೋಮವಾರ. ಬೆಳಗ್ಗೆ
ಇಷ್ಟು ದಿನ ಮೇಸ್ತ್ರಿ ಪತ್ತೆ ಇರಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಹಿಂದಿನ ಕೋಣೆ ನಾನೇ ಸರಿ ಮಾಡಿದೆ. ಕಂಟ್ರಾಕ್ಟರ್ ನಾನು ಮುಟ್ಟಿದ್ದನ್ನೆಲ್ಲ ಇನ್ನೊಬ್ಬರ ಕೈಲಿ ನೋಡಿಸುತ್ತಿದ್ದಾರೆ. ಸೊಂಟ ಬಿದ್ದುಹೋಗಿದೆ. ಅಂಗಡಿಯ ಸ್ಟೂಲು ನೆನಪಾಗುತ್ತದೆ.

ಇವತ್ತು ಬಂದಿದ್ದಾರೆ. ಗಡ್ಡ ಬಿಟ್ಟಿದ್ದಾರೆ. ಬಂದವರೇ ಮೊದಲ ಬಾಕ್ಸ್ ಬಿಚ್ಚಿದರು. ‘ಬಣ್ಣ ಹೇಳಮ್ಮ.’ ಹೇಳಿದೆ. ಮನೆಯ ಅಷ್ಟೂ ಬಾಕ್ಸ್ ನೋಡಿದೆವು, ನಾನು ಕಣ್ಣು, ಅವರು ಕೈ. ಅಡುಗೆಮನೆಯಲ್ಲಿ ಕೆಂಪು ಕಪ್ಪು ಅದಲುಬದಲಾದದ್ದು ಇನ್ನೊಂದು ಸಿಕ್ಕಿತು. ನಾನು ಹೇಳಿದಾಗ ತಲೆ ತಗ್ಗಿಸಿದರು.

ಹೊರಗೆ ಕಂಟ್ರಾಕ್ಟರ್ ಸ್ಕೂಟರ್. ‘ನೀನು ಇಲ್ಲೇ ಇರು’ ಅಂದು ಮೇಸ್ತ್ರಿ ಹೋದರು. ಸಹಿ ಹಾಕಿಲ್ಲ, ನಾನು ಕೇಳಿಲ್ಲ. ಕಣ್ಣಿನ ವಿಷಯ ಹೊರಬಿದ್ದ ಮೇಲೆ ಹಾಕಿದರೆ ಅದು ನಡೆಯುತ್ತದೋ ಇಲ್ಲವೋ. ಇಟ್ಟಿಗೆ ಗುಡ್ಡೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಕೇಳಿಸುತ್ತಿದೆ. ‘ಸಾರ್, ಆ ರೂಮು ಆಯಮ್ಮ ಮಾಡಿದ್ದಲ್ಲ. ನಾನೇ. ನಂಗೆ ಕಣ್ಣು...’

ಸ್ಕೂಟರ್ ಎಂಜಿನ್ ಆಫ್ ಆಯಿತು. ಇಬ್ಬರೂ ಒಳಗೆ ಬರುತ್ತಿದ್ದಾರೆ —