ಬಸವಪ್ಪನನ್ನು ಕರೆಸಿದ್ದು

೧೯ ಏಪ್ರಿಲ್ ೧೯೪೩, ಸೋಮವಾರ. ಬೆಳಿಗ್ಗೆ

ರಾಗಿ ಬೀಸುತ್ತಾ ಅರ್ಧಕ್ಕೇ ಎದ್ದೆ. ಒಲೆಯಲ್ಲಿ ಬೆಂಕಿ ಇಲ್ಲ. ಯುದ್ಧ ಬಂದಮೇಲೆ ಬೆಂಕಿಪೊಟ್ಟಣ ಕಣ್ಣಿಗೆ ಬಿದ್ದಿಲ್ಲ; ಪಕ್ಕದ ಮನೆ ಮಹದೇವಮ್ಮನಿಂದ ಕೆಂಡ ತರುವುದು ರೂಢಿ. ಬೆರಣಿ ಹಿಡಿದು ಹೋದೆ. ಬಾಗಿಲು ತೆಗೆಯಲಿಲ್ಲ. ಒಳಗಿಂದಲೇ—

"ಕ್ವಾಪ ಮಾಡ್ಕಬ್ಯಾಡ ಕಣಕ್ಕ. ನಿಮ್ಗೆ ಬೆಂಕಿ ನೀರು ಕೊಡಂಗಿಲ್ಲ ಅಂತ ಯಜಮಾನ್ರು ಕಟ್ಟು ಮಾಡವ್ರೆ."

"ನಿನ್ ಮೂತಿ ತೋರ್ಸಕ್ಕೂ ಕಟ್ಟಾ?" ಅಂದೆ.

ಆಗಿದ್ದು ಇಷ್ಟು. ಹಬ್ಬ ಮುಗಿದ ಮಾರನೇ ದಿನ ಊರಮ್ಮನ ಕೊರಳ ತಾಳಿ ಇಲ್ಲ. ಗುಡಿ ಅಂಗಳ ಗುಡಿಸುವವಳು ನನ್ನ ಸೊಸೆ ನಂಜಿ. ಮಗ ಸತ್ತಮೇಲೆ ನಮ್ಮಿಬ್ಬರಿಗೂ ಅದೇ ಹಿಟ್ಟು. ಪೂಜಾರಿ ಪುಟ್ಟಮಾದಯ್ಯ ಅವಳ ಕಡೆ ಬೆರಳು ತೋರಿಸಿದ. ಯಜಮಾನ ಕರಿಸಿದ್ದಯ್ಯ ಹೂಂ ಅಂದ. ಊರೂ ಹೂಂ ಅಂದಿತು. ಮುಂಡೇವಕ್ಕೆ ಕತ್ತು ಇರುವುದೇ ಅಲ್ಲಾಡಿಸಲು.

೨೩ ಏಪ್ರಿಲ್, ಶುಕ್ರವಾರ

ಪಂಚಾಯ್ತಿ ಆಯಿತು. ನಂಜಿ ಕದ್ದೆ ಅಂತ ಒಪ್ಪಿ ಅಮ್ಮನ ಮುಂದೆ ಅಡ್ಡ ಬೀಳಬೇಕು. ಇಲ್ಲವೇ ಊರು ಬಿಡಬೇಕು.

ಸುತ್ತ ಗಂಡಸರು. ನಂಜಿ ನನ್ನ ಸೆರಗು ಹಿಡಿದು, "ಒಪ್ಕತೀನಿ ಬುಡಿ ಅತ್ತೆ, ಎಲ್ಗೋಗನ" ಅಂತ ಕಿವಿಯಲ್ಲಿ. ನನಗೂ ಭಯ, ಸುಳ್ಳೇಕೆ ಬರೆಯಲಿ. ಮನೆದೇವರು ಮುತ್ತತ್ತಿರಾಯನನ್ನು ನೆನೆದೆ. ನೆನೆದು ಕಣ್ಣು ಬಿಟ್ಟರೆ ಎಲ್ಲ ಮೀಸೆ ಬಂದ ಮಕ್ಕಳ ಹಾಗೆ ಕಂಡರು. ಅರ್ಧ ಜನರ ಸುಂಬಳ ಒರೆಸಿದವಳು ನಾನೇ.

"ಬಸವಪ್ಪನ್ನ ಕರ್ಸಿ" ಅಂದೆ. "ನಂಜಿ ಅಂಗೈ ಮ್ಯಾಲೆ ಪಾದ ಮಡಗ್ದೆ ಅವ್ನು ಮಕ ತಿರುಗಿಸ್ಲಿ, ನಾನೇ ಗಂಟು ಕಟ್ತೀನಿ."

ದೇವರಿಗೆ ಬಿಟ್ಟ ಬಸವ ತೀರ್ಪು ಕೊಟ್ಟಮೇಲೆ ಈ ಸೀಮೆಯಲ್ಲಿ ಎದುರು ಮಾತಿಲ್ಲ.

ಕರಿಸಿದ್ದಯ್ಯ ಮೆಲ್ಲಗೆ ಅಂದ— "ದೊಡ್ಡತಾಯವ್ವ, ನೋಡಿ ಮಾತಾಡು. ಅವ್ನು ದ್ಯಾವ್ರು, ನೆಂಟ ಅಲ್ಲ."

"ಅದ್ಕೇ ಕಣ್ಲಾ ಕರೀತಿರಾದು. ನೆಂಟ್ರನ್ನ ನೋಡಿವ್ನಿ."

೨೮ ಏಪ್ರಿಲ್, ಬುಧವಾರ

ಮಳವಳ್ಳಿಯಿಂದ ಬಳೆ ಮಾರುವ ಸುಲ್ತಾನ್ ಬೀ ಬಂದಳು. ವಿಷಯ ದಾರಿಯಲ್ಲೇ ಕೇಳಿದ್ದಾಳೆ. ಬಳೆಯ ಮಲಾರದಿಂದ ಬೆಂಕಿಪೊಟ್ಟಣ ತೆಗೆದು ಕೊಟ್ಟಳು. "ನಿಮ್ಮೂರ ಕಟ್ಟು ನಂಗೆಲ್ಲಮ್ಮಾ? ನಮ್ಮನೆ ಹಿತ್ಲಲ್ಲಿ ಜಾಗ ಐತೆ, ಬಂದ್ಬುಡಿ. ಆ ಎತ್ತು ಮಕ ತಿರುಗಿಸ್ಬುಟ್ರೆ ಏನ್ ಮಾಡ್ತೀರಿ?"

ಎತ್ತು ಅಂದಿದ್ದಕ್ಕೆ ಬೈದೆ. ಅವಳು ಹೋದಮೇಲೆ ಅದೇ ಮಾತು ಕೊರೆಯಿತು. ತಿರುಗಿಸಿಬಿಟ್ಟರೆ...

ರಾಯನಿಗೆ ಅಂದೆ— ನನ್ನ ಭಯ ನಿನ್ನ ಪಾದಕ್ಕೆ ಹಾಕಿದ್ದೀನಿ. ವಾಪಸ್ ಕೊಡಬೇಡ. ಮಾತು ಕೊಟ್ಟಿದ್ದು ನಾನು, ನಡೆಸೋನು ನೀನು.

ಎದೆ ಹಗುರಾಯಿತು. ರಾಗಿ ಬೀಸಿದೆ.

೨ ಮೇ, ಭಾನುವಾರ. ಸಂಜೆ

ಮನೆಗೆ ಬಂದವಳೇ ಬರೆಯಲು ಕೂತೆ.

ಬಸವಪ್ಪ ಬಂದ. ಕೊಂಬಿಗೆ ಕಳಸ, ಮೈಮೇಲೆ ಪಟ್ಟೆ ವಸ್ತ್ರ. ಊರೆಲ್ಲ ಗುಡಿ ಮುಂದೆ. ನಂಜಿ ಮಂಡಿಯೂರಿ ಅಂಗೈ ಚಾಚಿದಳು. ಬಸವಪ್ಪ ಬಂದು ಮೂಸಿದ. ಪಾದ ಇಡಲಿಲ್ಲ. ಮುಖ ತಿರುಗಿಸಿ ನಡೆದೇಬಿಟ್ಟ.

"ಆಯ್ತಲ್ಲ!" ಅಂದ ಪೂಜಾರಿ. ನಾನು ರಾಯಾ ಅಂದೆ ಅಷ್ಟೇ.

ಬಸವಪ್ಪ ನಿಲ್ಲಲಿಲ್ಲ. ಹಗ್ಗ ಹಿಡಿದವನನ್ನೂ ಎಳೆದುಕೊಂಡು ಗುಡಿ ಹಿಂದಕ್ಕೆ. ಅಲ್ಲಿ ಅಮ್ಮನ ಮೈಮೇಲಿಂದ ಇಳಿಸಿದ ಹೂವಿನ ಗುಡ್ಡೆ. ಅದನ್ನು ತುಳಿಯಬಾರದು, ಕೆದಕಬಾರದು. ನಮ್ಮ ಮಡಕೆ ಕುಡಿಕೆ ಎಲ್ಲ ಜಾಲಾಡಿದವರು ಅಲ್ಲಿಗೆ ಮಾತ್ರ ಕೈ ಹಾಕಿರಲಿಲ್ಲ. ಬಸವಪ್ಪನಿಗೆ ಯಾವ ಮಡಿ? ಗುಡ್ಡೆಗೆ ಕೊಂಬು ಹಾಕಿ ಎತ್ತೆತ್ತಿ ಎಸೆದ. ತಲೆ ಎತ್ತಿದರೆ ಕೊಂಬಿನಲ್ಲಿ ಹಬ್ಬದ ಒಣಗಿದ ಹಾರ. ಹಾರದ ನಾರಿಗೆ ಸುತ್ತಿಕೊಂಡ ಅರಿಸಿನದ ದಾರ. ದಾರದ ತುದಿಯಲ್ಲಿ ತಾಳಿ.

ಹಾರ ತೆಗೆಯುವಾಗ ಪುಟ್ಟಮಾದಯ್ಯನೇ ನೋಡದೆ ಅದನ್ನೂ ಸೇರಿಸಿ ಕಿತ್ತು ಎಸೆದಿದ್ದ.

ಬಸವಪ್ಪ ಹಾಗೇ ಹಾರ ಹೊತ್ತು ಬಂದ. ನಂಜಿ ಇನ್ನೂ ಅಂಗೈ ಚಾಚಿಕೊಂಡೇ ಇದ್ದಳು, ಮಡಚಲೂ ತೋಚದೆ. ಪಾದ ಇಟ್ಟ. ಹೂವಿನಷ್ಟು ಹಗುರ ಅಂತೆ.

೩ ಮೇ, ಸೋಮವಾರ

ರಾತ್ರಿ ಇಬ್ಬರೂ ಸತ್ತವರ ಹಾಗೆ ಮಲಗಿದೆವು. ಸುಲ್ತಾನ್ ಬೀ ಬಂದು ಕೇಳಿ ನಕ್ಕಳು— "ಪಾಪ, ಅಸಿವಾಗಿತ್ತು ಅದಕ್ಕೆ." ಇರಲಿ. ಹಸಿವು ಕೊಟ್ಟವನು ಯಾರು?

ಪುಟ್ಟಮಾದಯ್ಯ ಬಾಗಿಲಲ್ಲಿ ನಿಂತಿದ್ದಾನೆ. ತಲೆ ಎತ್ತಿಲ್ಲ. "ದೊಡ್ಡವ್ವ, ತಪ್ಪಾಯ್ತು" ಅಂತ ಒಂದೇ ಮಾತು. ಬೈಯಲು ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದೆ, ಒಳ್ಳೊಳ್ಳೆಯವು. ನಂಜಿ ಒಳಗಿಂದ ಬಂದು ಮಣೆ ಹಾಕಿಬಿಟ್ಟಳು, ನನ್ನನ್ನು ಕೇಳದೆ. ಈಗ ಮಜ್ಜಿಗೆ ಕೊಡಲೇ ಅಂತ ನನ್ನ ಮುಖ ನೋಡುತ್ತಿದ್ದಾಳೆ. ನಾನೂ ಹೂಂ ಅಂದೆ.